ಮೊದಲು ತಾಯಿ, ಆಮೇಲೆ ಮಗು

ಕಚೇರಿಗೆ ಮೊದಲು ಕಾಲಿಡುವವನು ತಾನಾಗಬಾರದೆಂದು ಗುಮಾಸ್ತ ಆ ಬೆಳಿಗ್ಗೆ ಎರಡು ಬಸ್ಸು ಬಿಟ್ಟ. ಎರಡರಲ್ಲೂ ಕೂರಲು ಜಾಗವಿತ್ತು. ಎರಡನೆಯ ಬಸ್ಸಿನ ಕಂಡಕ್ಟರು ದಿನಾ ನೋಡುವ ಮುಖವೆಂದು ಬಾಗಿಲಲ್ಲಿ ನಿಂತು ಕೈಬೀಸಿ ಕರೆದರೆ, ಯಾರಿಗೋ ಕಾಯುತ್ತಿರುವವನ ಹಾಗೆ ರಸ್ತೆಯ ಆಚೆ ಬದಿಗೆ ಕಣ್ಣು ಹಾಯಿಸಿದ. ಹತ್ತೊಂಬತ್ತು ವರ್ಷದಿಂದ ಹೆರಿಗೆ ಆಸ್ಪತ್ರೆಯ ದಾಖಲೆ ಕೋಣೆಗೆ ಮೊದಲು ಬರುತ್ತಿದ್ದವನು ಅವನೇ. ಕಾವಲುಗಾರನ ಗೂಡಿನಿಂದ ಬೀಗದ ಕೈ ಇಸಿದುಕೊಂಡು, ಕಿಟಕಿ ತೆರೆದು, ಹಳೆಯ ರಿಜಿಸ್ಟರುಗಳ ಮೇಲೆ ಬಟ್ಟೆ ಆಡಿಸಿ, ತನ್ನ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರುವುದು ಅವನ ದಿನದ ಒಳ್ಳೆಯ ಹೊತ್ತು. ಇವತ್ತು ಆ ಐದು ನಿಮಿಷ ಬೇಡವಾಗಿತ್ತು. ಎದುರು ಮೇಜಿನ ಕುರ್ಚಿ ನಿನ್ನೆ ಸಂಜೆಯಿಂದ ಖಾಲಿ. ಆ ಕುರ್ಚಿಯೂ ತಾನೂ ಇಬ್ಬರೇ ಇರುವುದು ಬೇಡ. ಇನ್ಯಾರಾದರೂ ಮೊದಲು ಬಂದು ಕೆಮ್ಮಲಿ, ಸ್ಟೂಲು ಎಳೆಯಲಿ, ಬಿಸಿಲಿನ ಬಗ್ಗೆ ನಾಲ್ಕು ಮಾತಾಡಲಿ, ಆಮೇಲೆ ಹೋದರಾಯಿತು.

ಮನೆಯಿಂದ ಹೊರಡುವಾಗ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೈಗೆ ಕೊಡುತ್ತಾ ಕೇಳಿದ್ದಳು: "ಆ ಕನ್ನಡಕದಮ್ಮನ್ನ ತೆಗೆದುಹಾಕಿದ್ರಂತೆ, ಹೌದೇನ್ರೀ?" ಅವನು ಹೂಂಗುಟ್ಟಿದ. "ಒಳ್ಳೇದೇ ಆಯ್ತು ಬಿಡಿ. ಕಣ್ಣು ಕಾಣದವರ ಕೈಗೆ ಯಾರಾದ್ರೂ ಹಸುಗೂಸುಗಳನ್ನ ಕೊಡ್ತಾರಾ?" "ಕಣ್ಣು ಕಾಣುತ್ತೆ ಅವರಿಗೆ," ಎಂದ. "ಕಂಡಿದ್ರೆ ಹೀಗ್ಯಾಕಾಗ್ತಿತ್ತು?" ಎಂದು ಅವಳು ಒಳಗೆ ಹೋದಳು. ಅವನು ಗುಂಡಿ ಹಾಕಿಕೊಳ್ಳುತ್ತಾ ನಿಂತ. ಮೇಲಿನಿಂದ ಒಂದು ಗುಂಡಿ ತಪ್ಪಿ, ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಬೇಕಾಯಿತು. ಪಕ್ಕದ ಮನೆಯವಳಿಗೆ ಹೆಂಡತಿ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು: ನಮ್ಮನೆಯವರು ಇದ್ದದ್ದಕ್ಕೆ ತಪ್ಪು ಸಿಕ್ತು, ಇಲ್ಲದಿದ್ರೆ ಇನ್ನೆಷ್ಟು ಮಕ್ಕಳು ಅದಲುಬದಲಾಗ್ತಿದ್ವೋ. ಅವನು ಹಾಗೆ ಹೇಳಿರಲಿಲ್ಲ. ಮೂರು ವಾರದ ಹಿಂದೆ ಊಟಕ್ಕೆ ಕೂತಾಗ, "ಕಚೇರೀಲಿ ಒಂದು ತಪ್ಪಾಗಿದೆ, ಈಗ ಸಿಕ್ಕಿದೆ," ಎಂದಿದ್ದ, ಅಷ್ಟೇ. ‘ತಪ್ಪಾಗಿದೆ’ ಎಂಬ ಮಾತು ಎಷ್ಟು ಒಳ್ಳೆಯದು. ಯಾರು ಮಾಡಿದರೆಂದು ಅದು ಕೇಳುವುದಿಲ್ಲ. ಮಳೆ ಬಂದ ಹಾಗೆ, ಬಾಗಿಲು ಬಡಿದುಕೊಂಡ ಹಾಗೆ, ತನ್ನಷ್ಟಕ್ಕೆ ಆಗಿಬಿಟ್ಟಿರುತ್ತದೆ. ಉಳಿದದ್ದನ್ನು ಹೆಂಡತಿ ತನ್ನ ಪ್ರೀತಿಯಿಂದ ತುಂಬಿಕೊಂಡಿದ್ದಳು, ಅವನು ಅಳಿಸಲು ಹೋಗಲಿಲ್ಲ.

ಕನ್ನಡಕದಮ್ಮ ಎಂಬ ಹೆಸರಿಟ್ಟವನೂ ಅವನೇ. ದಪ್ಪ ಗಾಜು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದುವ ಅಭ್ಯಾಸ. ಜವಾನನೆದುರು ತಮಾಷೆಗೆ ಅಂದದ್ದು ಇಡೀ ಆಸ್ಪತ್ರೆಗೆ ಹಬ್ಬಿ, ಕೊನೆಗೆ ಡಾಕ್ಟರುಗಳೂ ಹಾಗೇ ಕರೆಯತೊಡಗಿದರು. ಅವಳಿಗೆ ಗೊತ್ತಾದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, "ಇದಿಲ್ಲದೆ ನಿಮ್ಮ ಮುಖಾನೇ ಕಾಣಲ್ಲ ಅಣ್ಣ, ಹೆಸರು ಸರಿಯಾಗೇ ಇದೆ," ಎಂದಳು. ಅವನಿಗಿಂತ ಮೂರೋ ನಾಲ್ಕೋ ವರ್ಷ ಚಿಕ್ಕವಳಿರಬಹುದು. ಬಂದ ಮೊದಲ ದಿನದಿಂದ ಅಣ್ಣ ಎಂದೇ ಕರೆದಳು. ಅದು ಅವನಿಗೆ ಇಷ್ಟವಾಗುತ್ತಿತ್ತು, ಯಾಕೆಂದರೆ ಆ ಹೊತ್ತಿಗೆ ಆ ಕೋಣೆಯಲ್ಲಿ ಅವನನ್ನು ಹಿರಿಯನೆಂದು ಕಾಣುವವರು ಇನ್ನಾರೂ ಉಳಿದಿರಲಿಲ್ಲ. ಕಂಪ್ಯೂಟರು ಬರುವ ಮುಂಚೆ ಹಾಗಿರಲಿಲ್ಲ. ಅವನ ಅಕ್ಷರ ನೋಡಲೆಂದೇ ಬೇರೆ ವಿಭಾಗದವರು ಬಂದು ರಿಜಿಸ್ಟರು ತಿರುವುತ್ತಿದ್ದರು. ಮದುವೆಯ ಲಕೋಟೆಗಳ ಮೇಲೆ ವಿಳಾಸ ಬರೆಸಿಕೊಂಡು ಹೋಗುತ್ತಿದ್ದರು. ಹೆತ್ತವಳ ಹೆಸರು, ವಯಸ್ಸು, ಹಾಸಿಗೆಯ ನಂಬರು. ಅದರ ಕೆಳಗೆ ಅರ್ಧ ಇಂಚು ಒಳಕ್ಕೆ ಸರಿಸಿ, ಮಗು, ಹೆಣ್ಣೋ ಗಂಡೋ, ತೂಕ. ಒಂದೇ ಪುಟ, ಒಂದೇ ಮಸಿ. ಯಾವ ಮಗು ಯಾರದೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ, ತಾಯಿಯ ಹೆಸರಿನ ಕೆಳಗೇ ಮಗು ಮಲಗಿರುತ್ತಿತ್ತು.

ಒಂದು ವರ್ಷದ ಹಿಂದೆ ಯಂತ್ರ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಕಲಿಸಲು ಬಂದ ಬೋಳುತಲೆಯ ಪ್ರೋಗ್ರಾಮರ್ ಗೋಡೆಯ ಹಲಗೆಯ ಮೇಲೆ ಎರಡು ಚೌಕ ಬರೆದು ಮಧ್ಯೆ ಒಂದು ಗೆರೆ ಎಳೆದ. "ಇದು ತಾಯಂದಿರ ಪಟ್ಟಿ, ಇದು ಮಕ್ಕಳ ಪಟ್ಟಿ. ಮೊದಲು ತಾಯಿ, ಆಮೇಲೆ ಮಗು. ತಾಯಿ ವಿವರ ತುಂಬಿ ಉಳಿಸಿದ್ರೆ ಯಂತ್ರ ತಾನೇ ಒಂದು ನಂಬರು ಕೊಡುತ್ತೆ. ಅದು ಪರದೆ ಮೇಲೆ ಬರೋ ತನಕ ಕಾಯಿರಿ. ಬಂದ ನಂಬರನ್ನ ಮಗುವಿನ ಹಾಳೆಯಲ್ಲಿ ಹಾಕಿ. ತಾಯಿ ಇಲ್ಲದ ಮಗೂನ ಇದು ಒಳಗೇ ಬಿಟ್ಕೊಳ್ಳಲ್ಲ." ಗುಮಾಸ್ತ ಕೈಯೆತ್ತಿ ಕೇಳಿದ್ದ: "ಬೇರೆ ತಾಯಿ ನಂಬರು ಹಾಕಿಬಿಟ್ರೆ?" "ಅದು ಇದಕ್ಕೆ ಹೇಗೆ ಗೊತ್ತಾಗುತ್ತೆ ಸಾರ್? ಆ ನಂಬರಿನ ತಾಯಿ ಒಬ್ಬಳು ಇದ್ರೆ ಸಾಕು, ಮಗೂನ ಅವಳ ಮಡಿಲಿಗೆ ಹಾಕುತ್ತೆ." ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಅವತ್ತಿನಿಂದ ಕೈಬರಹದ ಚೀಟಿಗಳನ್ನು ಇಟ್ಟುಕೊಳ್ಳಬಾರದೆಂದು ಆಜ್ಞೆಯಾಯಿತು. ಹೆರಿಗೆ ಕೋಣೆಯಿಂದ ಬಂದ ಚೀಟಿಯನ್ನು ಯಂತ್ರಕ್ಕೆ ಹಾಕಿದ ಕೂಡಲೇ ಹರಿದು ಬುಟ್ಟಿಗೆ ಎಸೆಯಬೇಕು. ಮಗುವಿನ ಕಾಲಿಗೆ ಕಟ್ಟುವ ಪಟ್ಟಿಯ ಮೇಲೂ ಮಗುವಿನ ನಂಬರು ಮಾತ್ರ. ತಾಯಿ ಯಾರೆಂದು ಬೇಕಾದರೆ ಯಂತ್ರವನ್ನು ಕೇಳಬೇಕು.

ಆ ಕಾಯುವುದಿತ್ತಲ್ಲ, ಅದು ಅವನನ್ನು ಕೊಂದಿತು. ತಾಯಿಯನ್ನು ಉಳಿಸಿದ ಮೇಲೆ ಪರದೆ ಖಾಲಿಯಾಗಿ, ಯಂತ್ರ ಒಳಗೊಳಗೇ ಗೊರಗುಟ್ಟುತ್ತಾ ಅರ್ಧ ನಿಮಿಷ, ಒಮ್ಮೊಮ್ಮೆ ಒಂದು ನಿಮಿಷ ಕೂರಿಸುತ್ತಿತ್ತು. ಮೊದಲೇ ಅವನ ಬೆರಳುಗಳು ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುವಂಥವು. ಶನಿವಾರ ಶನಿವಾರ ಸೂಪರಿಂಟೆಂಡೆಂಟರು ಯಾರು ಎಷ್ಟು ದಾಖಲೆ ಮಾಡಿದರೆಂದು ಬಾಗಿಲ ಪಕ್ಕ ಹಚ್ಚುತ್ತಿದ್ದರು. ಹೊರರೋಗಿಗಳ ವಿಭಾಗದ ಇಬ್ಬರ ಅರ್ಧದಷ್ಟೂ ಅವನದು ಇರುತ್ತಿರಲಿಲ್ಲ. ಒಂದು ಶನಿವಾರ ಎಲ್ಲರೆದುರು ಅವರು, "ನಮ್ಮ ಗುಮಾಸ್ತರ ಕೈಯಲ್ಲಿ ಇನ್ನೂ ಮಸಿ ಒಣಗಿಲ್ಲ," ಎಂದರು. ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದರು. ಮುಂದಿನ ವಾರವೇ ಅವನು ದಾರಿ ಹುಡುಕಿಕೊಂಡ. ನಂಬರು ಬರುವ ತನಕ ಕಾಯುವುದು ಬೇಡ. ಒಂದು ಗುಂಡಿ ಒತ್ತಿ ಆಚೆ ಬಂದು ತಾಯಂದಿರ ಪಟ್ಟಿ ತೆರೆದರೆ, ತುದಿಯಲ್ಲಿರುವ ಅತಿ ದೊಡ್ಡ ನಂಬರು ಈಗಷ್ಟೇ ತಾನು ಬರೆದವಳದೇ ಆಗಿರಬೇಕು. ತಾಯಂದಿರನ್ನು ಬರೆಯುವವನು ಆಗ ಅವನೊಬ್ಬನೇ ಇದ್ದ. ಆರು ತಿಂಗಳು ಒಂದೂ ತಪ್ಪಲಿಲ್ಲ. ಹೆಸರು ಪಟ್ಟಿಯಲ್ಲಿ ಮೇಲೆ ಬಂತು. ಸೂಪರಿಂಟೆಂಡೆಂಟರು ಬೆನ್ನು ತಟ್ಟಿದರು. ಆಮೇಲೆ ಎರಡನೆಯ ಯಂತ್ರ ಬಂತು, ಅದರ ಮುಂದೆ ಕೂರಲು ಕನ್ನಡಕದಮ್ಮ ಬಂದಳು.

ಅವಳು ಕಾಯುತ್ತಿದ್ದಳು. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಒಲೆಯ ಮೇಲಿಟ್ಟ ನೀರನ್ನು ಕಾಯುವವರ ಹಾಗೆ, ನಂಬರು ಬರುವ ತನಕ ಪರದೆ ನೋಡುತ್ತಾ ಕೂರುವಳು. ಬಂದ ಮೇಲೆ ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ಮಗುವಿನ ಹಾಳೆಯಲ್ಲಿ ಒತ್ತುವಳು. "ಏನಮ್ಮಾ, ತಾಯಿ ಇನ್ನೂ ಹೆರ್ತಾನೇ ಇದಾಳಾ?" ಎಂದು ಅವನು ಅಣಕಿಸುತ್ತಿದ್ದ. ನಗುತ್ತಿದ್ದಳು. ಶನಿವಾರದ ಪಟ್ಟಿಯ ಕೊನೆಯ ಹೆಸರು ಈಗ ಅವಳದು. ಅವಳಿಗೆ ಆ ಸಂಗತಿ ಮುಟ್ಟುತ್ತಲೇ ಇರಲಿಲ್ಲವೋ, ಮುಟ್ಟಿದರೂ ತೋರಿಸುತ್ತಿರಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಅವನನ್ನು ಕೆಣಕುತ್ತಿತ್ತು. ಒಂದು ಬೆಳಿಗ್ಗೆ ಅವನಿಗೆ ತನ್ನ ಗುಟ್ಟುಪದ ಮರೆತುಹೋಯಿತು. ಯಂತ್ರದೊಳಗೆ ಹೋಗಲು ಒಬ್ಬೊಬ್ಬರಿಗೂ ಒಂದೊಂದು ಗುಟ್ಟುಪದ. ಮರೆತರೆ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಅರ್ಜಿ ಕೊಟ್ಟು ಹೊಸದು ಪಡೆಯಬೇಕು. ಮಸಿಯ ಮಾತು ಮತ್ತೆ ಕೇಳಿಸಿಕೊಳ್ಳಬೇಕಲ್ಲ ಎಂದು ಅವನು ಮೇಜಿನ ಖಾನೆಗಳನ್ನು ಸುಮ್ಮಸುಮ್ಮನೆ ತೆಗೆದು ಮುಚ್ಚುತ್ತಿದ್ದಾಗ ಅವಳೇ ಎದ್ದು ಬಂದು ದನಿ ತಗ್ಗಿಸಿ, "ಅಲ್ಲಿಗೆ ಯಾಕೆ ಹೋಗ್ತೀರಿ ಅಣ್ಣ, ನನ್ನದೇ ಹಾಕ್ಕೊಳ್ಳಿ," ಎಂದಳು. ಗುಟ್ಟುಪದ ಯಾರಿಗೂ ಕೊಡುವುದಿಲ್ಲವೆಂದು ಅವಳೂ ಸಹಿ ಹಾಕಿದ್ದವಳೇ. ಅವತ್ತಿನಿಂದ, ಯಂತ್ರದ ಲೆಕ್ಕದಲ್ಲಿ, ಆ ಕೋಣೆಯ ಎರಡು ಯಂತ್ರಗಳ ಮೇಲೂ ಅವಳೊಬ್ಬಳೇ ಕೂತಿದ್ದಳು. ಶನಿವಾರದ ಎಣಿಕೆಯನ್ನು ಅವರವರೇ ಬರೆದುಕೊಡುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಗುರುವಾರ ಮಧ್ಯಾಹ್ನ ಹನ್ನೆರಡೂ ಐವತ್ತು. ಎರಡು ಚೀಟಿ ಒಟ್ಟಿಗೆ ಬಂದವು. ಇಬ್ಬರಿಗೂ ದಿನ ತುಂಬುವ ಮೊದಲೇ ಹೊಟ್ಟೆ ಕೊಯ್ದು ಹೆರಿಗೆ, ಇಬ್ಬರಿಗೂ ಹೆಣ್ಣು, ಎರಡೂ ಅಂಗೈಯಗಲದ ಕೂಸುಗಳು. ಎಂಟನೇ ಹಾಸಿಗೆಯವಳ ಚೀಟಿ ಅವನು ತೆಗೆದುಕೊಂಡ, ಒಂಬತ್ತನೆಯವಳದು ಅವಳು. ಅವನು ತಾಯಿಯನ್ನು ಬರೆದು ಉಳಿಸಿ, ಊಟದ ಡಬ್ಬಿಗೆ ಒಂದು ಕೈ ಹಾಕುತ್ತಲೇ ಪಟ್ಟಿ ತೆರೆದ. ತುದಿಯಲ್ಲಿ ನಾಲ್ಕು ಒಂದು ಒಂದು ಎಂಟು ಇತ್ತು. ಅದನ್ನೇ ಹಾಕಿದ. ಮಗುವಿನ ತೂಕ ಸಾವಿರದ ಆರುನೂರ ನಲವತ್ತು ಗ್ರಾಂ. ಎದುರು ಮೇಜಿನಿಂದ ಅವಳು ಬಾಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ಕೇಳಿಸಿತು: ನಾಲ್ಕು ಒಂದು ಒಂದು ಎಂಟು, ನಾಲ್ಕು ಒಂದು ಒಂದು ಎಂಟು. ಕೇಳಿಸಿತು. ಕಿವಿಗೆ ಬಿದ್ದು, ಒಳಗೆ ಎಲ್ಲೋ ಒಂದು ಕಡೆ ಚುರುಕ್ಕೆಂದದ್ದೂ ನಿಜ. ನಡುವೆ ಅವಳೂ ಉಳಿಸಿದ್ದರೆ ಅವನದು ನಾಲ್ಕು ಒಂದು ಒಂದು ಏಳು ಆಗಿರಬೇಕಿತ್ತು. ತಿಂದು ಬಂದು ನೋಡಿದರಾಯಿತು ಎಂದುಕೊಂಡ, ಚೀಟಿ ಹರಿದು ಬುಟ್ಟಿಗೆ ಹಾಕಿದ, ಊಟಕ್ಕೆ ಹೋದ. ಬಂದ ಮೇಲೆ ಬೇರೆ ಚೀಟಿಗಳು ಬಂದಿದ್ದವು.

ಭಾನುವಾರ ಹತ್ತೂವರೆಗೆ ಸಾವಿರದ ಆರುನೂರ ನಲವತ್ತು ಗ್ರಾಂನ ಕೂಸು ಸತ್ತಿತು. ಸಣ್ಣ ಕೂಸುಗಳನ್ನಿಡುವ ಗಾಜಿನ ಕೋಣೆ ಇದ್ದದ್ದು ಅಂಗಳದಾಚೆಯ ಕಟ್ಟಡದಲ್ಲಿ. ಹೊಟ್ಟೆಗೆ ಹೊಲಿಗೆ ಬಿದ್ದ ತಾಯಂದಿರನ್ನು ನಾಲ್ಕು ದಿನ ಅಲ್ಲಿಗೆ ಬಿಡುತ್ತಿರಲಿಲ್ಲ, ಗಂಡಸರನ್ನಂತೂ ಬಿಡುತ್ತಲೇ ಇರಲಿಲ್ಲ. ಆ ಕೋಣೆಯ ನರ್ಸು ಕಾಲಿನ ಪಟ್ಟಿ ನೋಡಿ ಯಂತ್ರವನ್ನು ಕೇಳಿದಳು, ಯಂತ್ರ ಒಂಬತ್ತನೇ ಹಾಸಿಗೆ ಎಂದಿತು. ಹನ್ನೊಂದು ಗಂಟೆಗೆ ಒಂಬತ್ತನೆಯವಳಿಗೆ ಹೇಳಿದರು. ಮುಂದಿನದೆಲ್ಲ ಗುಮಾಸ್ತ ವಾರ್ಡಿನ ಆಯಾಳ ಬಾಯಿಂದ ಕೇಳಿದ್ದು, ಆದರೂ ಅಲ್ಲೇ ನಿಂತು ನೋಡಿದವನ ಹಾಗೆ ಅವನ ಕಣ್ಣಿಗೆ ಕಟ್ಟಿತ್ತು. ಒಂಬತ್ತನೆಯವಳು ಅಳಲಿಲ್ಲವಂತೆ, ಗೋಡೆಗೆ ತಲೆ ಆನಿಸಿ ಬಾಯಿ ತೆರೆದು ಕೂತಳಂತೆ. ಎಂಟನೆಯವಳು ತನ್ನ ಹೊಲಿಗೆಯ ನೋವು ಮರೆತು ಎದ್ದು ಬಂದು, ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, ನಾಲ್ಕು ಗಂಟೆ ಬಿಡಲಿಲ್ಲವಂತೆ. ತಾನೇ ನೀರು ಕುಡಿಸಿದಳು, ಬೆನ್ನು ಸವರಿದಳು, ಇನ್ನೂ ವಯಸ್ಸಿದೆ ತಂಗಿ ಎಂದಳು. ಮೂರು ಗಂಟೆಗೆ ಗಾಜಿನ ಕೋಣೆಯಿಂದ ಇನ್ನೊಬ್ಬ ನರ್ಸು ಬಟ್ಟಲು ಹಿಡಿದು ಬಂದು, ಒಂಬತ್ತನೇ ಹಾಸಿಗೆಯವರ ಮಗುವಿಗೆ ಇವತ್ತಿನಿಂದ ಎದೆಹಾಲು ಶುರು, ಹಿಂಡಿ ಕೊಡಿ ಎಂದಳು. ಯಂತ್ರದಲ್ಲಿ ಒಂಬತ್ತನೆಯವಳಿಗೆ ಎರಡು ಮಕ್ಕಳಿದ್ದವು. ಎಂಟನೆಯವಳಿಗೆ ಒಂದೂ ಇರಲಿಲ್ಲ.

ಎರಡು ಕೂಸುಗಳದೂ ಒಂದೇ ರಕ್ತದ ಗುಂಪು. ಅದಕ್ಕಿಂತ ಹೆಚ್ಚಿನ ಪರೀಕ್ಷೆ ಆ ಕಾಲಕ್ಕೆ ಆ ಆಸ್ಪತ್ರೆಯಲ್ಲಿರಲಿಲ್ಲ. ಹೆರಿಗೆ ಕೋಣೆಯ ನರ್ಸನ್ನು ಕರೆಸಿ ಕೇಳಿದರು. ಅವತ್ತು ಹನ್ನೊಂದು ಹೆರಿಗೆ ಮಾಡಿಸಿದ್ದವಳು ತಲೆ ಕೆರೆದುಕೊಂಡು, "ಸಣ್ಣದು ಎಂಟನೆಯವರದಿರಬೇಕು," ಎಂದಳು. ‘ಇರಬೇಕು’ ಎಂಬ ಆ ಒಂದು ಮಾತಿನ ಮೇಲೆ ಸತ್ತದ್ದನ್ನು ಎಂಟನೆಯವಳಿಗೂ ಬದುಕಿದ್ದನ್ನು ಒಂಬತ್ತನೆಯವಳಿಗೂ ಹಂಚಿದರು. ಎಂಟನೆಯವಳು ವಾದ ಮಾಡಲಿಲ್ಲ. ಆಯಾಳ ಕೈಲಿ ಅಂದಳಂತೆ: "ಅವಳ ಕೈ ಹಿಡ್ಕೊಂಡು ಕೂತಿದ್ನಲ್ಲ, ಆಗ ಒಳಗೊಳಗೆ ‘ಸದ್ಯ, ನನ್ನದಲ್ಲ’ ಅಂದ್ಕೊಂಡೆ. ಒಂದು ಸಲ ಅಲ್ಲ, ನಾಲ್ಕು ಗಂಟೇನೂ ಅದನ್ನೇ ಅಂದ್ಕೊಂಡೆ. ಮೇಲಿರೋನಿಗೆ ಕೇಳಿಸ್ತು." ಮಾರನೆಯ ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಗಂಡನ ಹಿಂದೆ ಹೊರಟುಹೋದಳು. ಹೋಗುವಾಗ ದಾಖಲೆ ಕೋಣೆಯ ಕಿಟಕಿಯಲ್ಲಿ ಒಂದು ಹಾಳೆಗೆ ಸಹಿ ಬೇಕಿತ್ತು. ಗುಮಾಸ್ತ ಹಾಳೆ ತಳ್ಳಿದ, ಅವಳು ಎಲ್ಲಿ ಎಂದು ಕೇಳಿದಳು, ಅವನು ಬೆರಳಿನಿಂದ ತೋರಿಸಿದ. ಅವಳ ಎದೆಯ ಭಾಗದಲ್ಲಿ ರವಿಕೆ ಒದ್ದೆಯಾಗಿತ್ತು. ಅವನು ಮೊದಲು ಅದೇನೆಂದು ತಿಳಿಯದೆ ನೋಡಿದ, ತಿಳಿದ ಮೇಲೂ ಒಂದು ಕ್ಷಣ ನೋಡುತ್ತಲೇ ಇದ್ದ.

ವಿಚಾರಣೆ ಮೂರು ವಾರ ನಡೆಯಿತು. ಬೋಳುತಲೆಯವನು ಬಂದು ಯಂತ್ರದ ಹೊಟ್ಟೆಯಿಂದ ಒಂದು ಉದ್ದನೆಯ ಕಾಗದ ಹೊರತೆಗೆದ. ಸೂಪರಿಂಟೆಂಡೆಂಟರು ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕದಮ್ಮನನ್ನು ನಿಲ್ಲಿಸಿಕೊಂಡು, ಹಿರಿಯರೆಂದು ಗುಮಾಸ್ತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. "ಹನ್ನೆರಡೂ ಐವತ್ತಕ್ಕೆ ಒಬ್ಬ ತಾಯಿ. ಹನ್ನೆರಡೂ ಐವತ್ತಕ್ಕೇ ಇನ್ನೊಬ್ಬ ತಾಯಿ. ಎರಡೂ ನಿಮ್ಮ ಹೆಸರಲ್ಲಿವೆ. ಒಂದೇ ನಿಮಿಷದಲ್ಲಿ ಎರಡು ಬರೀಬೇಕಾದ್ರೆ ಅಷ್ಟೊಂದು ಅವಸರ ಏನಿತ್ತಮ್ಮ ನಿಮಗೆ?" "ನಾನಾ ಸಾರ್?" ಎಂದಳು ಅವಳು. "ಒಂದೇ ನಿಮಿಷದಲ್ಲಿ?" ಅವಳ ಮುಖದಲ್ಲಿ ಮೊದಲು ಬಂದದ್ದು ಬರೀ ಆಶ್ಚರ್ಯ, ಯಾರೋ ಅವಳನ್ನು ಓಟಗಾರ್ತಿ ಎಂದಂತೆ. ಆಮೇಲೆ ಅವಳು ನಿಧಾನವಾಗಿ ಕತ್ತು ತಿರುಗಿಸಿದಳು. ದಪ್ಪ ಗಾಜಿನ ಹಿಂದಿನ ಕಣ್ಣುಗಳು ಗುಮಾಸ್ತನ ಮೇಲೆ ಬಂದು ನಿಂತವು. ಅವನು ಕಾಗದದ ಅಂಚನ್ನು ನೇರ ಮಾಡುತ್ತಿದ್ದ. ಸೂಪರಿಂಟೆಂಡೆಂಟರು, "ನಿಮ್ಮ ಗುಟ್ಟುಪದ ಬೇರೆ ಯಾರಿಗಾದ್ರೂ ಗೊತ್ತಾ?" ಎಂದರು. ಈಗ ಹೇಳುತ್ತೇನೆ, ಇವಳು ಬಾಯಿ ಬಿಡುವ ಮೊದಲೇ ಹೇಳಿಬಿಡುತ್ತೇನೆ ಎಂದು ಅವನು ನಿಜವಾಗಿಯೂ ಅಂದುಕೊಂಡ. ನಾಲಿಗೆಯ ತುದಿಯಲ್ಲಿ ‘ಸಾರ್’ ಎಂಬ ಮೊದಲ ಮಾತು ಬಂದು ಕೂತಿತ್ತು. ಮಸಿ ಒಣಗದ ಕೈ ಎಂದು ನಕ್ಕ ಮುಖಗಳು ಕಂಡವು. ಮೆಟ್ಟಿಲ ಮೇಲೆ ನಿಂತ ಹೆಂಡತಿ ಕಂಡಳು. "ಇಲ್ಲ ಸಾರ್," ಎಂದಳು ಕನ್ನಡಕದಮ್ಮ, "ಯಾರಿಗೂ ಗೊತ್ತಿಲ್ಲ." ಅವನ ಬಾಯಿಂದ ಬಂದದ್ದು ಒಂದು ಕೆಮ್ಮು.

ನಿನ್ನೆ ಸಂಜೆ ಅವಳು ತನ್ನ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಒಂದು ಬಾಚಣಿಗೆ, ತಲೆನೋವಿನ ಮುಲಾಮು, ಅರ್ಧ ಹೆಣೆದ ಉಣ್ಣೆಯ ಟೋಪಿ. ಉಳಿದವರು ಹೋಗಿದ್ದರು. ಅವನೂ ಹೋಗಬಹುದಿತ್ತು, ನಿಂತ, ಏನಾದರೂ ಒಳ್ಳೆಯ ಮಾತು ಆಡಬೇಕೆಂದು. ಅವಳೇ ಮೊದಲು ಮಾತಾಡಿದಳು. "ನೀವು ಹೇಳ್ತೀರಿ ಅಂತ ಕಾದೆ ಅಣ್ಣ." "ಏನನ್ನು?" ಎಂದ ಅವನು. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅರೆಕ್ಷಣ ಅವನಿಗೇ ಏನನ್ನೆಂದು ಗೊತ್ತಿಲ್ಲದಂತಾಯಿತು. ಅವಳು ಟೋಪಿಯನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಕೋಪ ಮಾಡಿಕೊಳ್ಳಲಿಲ್ಲ, ನಂಬರು ಬರುವುದನ್ನು ಕಾಯುವಾಗಿನ ಮುಖವೇ ಇತ್ತು. "ನನಗೋಸ್ಕರ ಬೇಡ ಬಿಡಿ, ಗುಟ್ಟುಪದ ಕೊಟ್ಟದ್ದಕ್ಕೂ ಕಳಿಸೇ ಕಳಿಸ್ತಿದ್ರು. ಆ ಒಂಬತ್ತನೆಯವರು ಇನ್ನೂ ಮಗೂನ ಮುಟ್ಟಿಲ್ವಂತೆ. ನಾನು ಹೋಗಿ ಹೇಳಿದೆ, ನಿಮ್ಮ ಮಗೂನ ನಾನೇ ಸರಿಯಾಗಿ ಬರೆದಿದ್ದೀನಿ ಅಂತ. ಎರಡೂ ನೀವೇ ಬರೆದದ್ದಂತಲ್ಲ, ಯಾವುದು ಸರಿ ಅಂತ ನಿಮಗೆ ಹೇಗೆ ಗೊತ್ತು ಅಂದ್ರು. ನಾನೇನು ಹೇಳಲಿ? ಅವರಿಗಾದ್ರೂ ಹೇಳಿ ಅಣ್ಣ." ಬಾಗಿಲ ತನಕ ಹೋದವಳು ಅಭ್ಯಾಸಬಲದಿಂದ ದೀಪ ಆರಿಸಲು ಕೈಯೆತ್ತಿ, ಅವನು ಒಳಗಿರುವುದು ನೆನಪಾಗಿ ಕೈ ಕೆಳಗಿಳಿಸಿದಳು.

ಎರಡು ಬಸ್ಸು ಬಿಟ್ಟು ಬಂದದ್ದರಿಂದ ಇವತ್ತು ಅವನು ಒಳಗೆ ಬಂದಾಗ ಜವಾನ ಕಿಟಕಿ ತೆರೆದಿದ್ದ. ಖಾಲಿ ಕುರ್ಚಿಯ ಮೇಲೆ ಯಾರೋ ಫೈಲುಗಳ ಕಟ್ಟು ಇಟ್ಟಿದ್ದರು. ಅಷ್ಟರಮಟ್ಟಿಗೆ ಅದು ಖಾಲಿಯಾಗಿರಲಿಲ್ಲ. ಕೂತು ಹತ್ತು ನಿಮಿಷವೂ ಆಗಿರಲಿಲ್ಲ, ಸೂಪರಿಂಟೆಂಡೆಂಟರು ಕರೆಸಿದರು. "ಒಂಬತ್ತನೇ ಹಾಸಿಗೆಯವರು ಇವತ್ತು ಮನೆಗೆ. ಮಗು ಎರಡು ಕಿಲೋ ದಾಟಿದೆ, ಇಟ್ಕೊಳ್ಳೋಕೆ ಕಾರಣ ಇಲ್ಲ. ಆ ಯಮ್ಮ ಮಗು ಪಡೆದಿದ್ದೀನಿ ಅನ್ನೋ ಹಾಳೆಗೆ ಸಹಿ ಹಾಕ್ತಿಲ್ಲ. ಡಾಕ್ಟರು ಹೇಳಿದ್ದಾಯ್ತು, ನಾನು ಹೇಳಿದ್ದಾಯ್ತು. ನೀವು ನೋಡೋಕೆ ಸಾಧು ಮನುಷ್ಯ, ನಿಮ್ಮ ಮಾತು ಕೇಳಬಹುದು. ಏನಾದ್ರೂ ಹೇಳಿ, ಸಹಿ ಹಾಕಿಸ್ಕೊಂಡು ಬನ್ನಿ." ಹಾಳೆಯನ್ನು ಕೈಗೆ ಕೊಟ್ಟರು. ಅಂಗಳ ದಾಟುವಾಗ ಬಿಸಿಲು ಸಿಮೆಂಟಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಹೇಳಿಬಿಡುತ್ತೇನೆ ಎಂಬ ನಿರ್ಧಾರ ಅವನಿಗೆ ಮೊದಲ ಮಹಡಿಯ ಮೆಟ್ಟಿಲಲ್ಲಿ ಬಂತು, ಎರಡನೆಯ ಮಹಡಿಯಲ್ಲಿ ಹೋಯಿತು, ವಾರ್ಡಿನ ಬಾಗಿಲಲ್ಲಿ ಮತ್ತೆ ಬಂತು. ಅವಳೊಬ್ಬಳಿಗೆ ಹೇಳಿದರೆ ಸಾಕಲ್ಲವೇ, ಕಚೇರಿಗೆ ತಿಳಿಯಬೇಕೆಂದೇನಿದೆ ಎಂಬ ಲೆಕ್ಕಾಚಾರವೂ ಅದರ ಜೊತೆಗೇ ಬಂತು, ಅದನ್ನು ಅವನು ನೋಡಿಯೂ ನೋಡದವನ ಹಾಗೆ ಒಳಗೆ ಬಿಟ್ಟುಕೊಂಡ.

ಒಂಬತ್ತನೆಯವಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚುತ್ತಿದ್ದಳು. ಬಡಕಲು ಮೈ, ನೇರ ನೋಟ. ತೊಟ್ಟಿಲು ಅವಳ ಕೈಗೆಟುಕುವಷ್ಟು ಹತ್ತಿರವಿತ್ತು. ಕೂಸು ಮಾತ್ರ ತೊಟ್ಟಿಲಾಚೆ ಸ್ಟೂಲಿನ ಮೇಲೆ ಕೂತ ಅತ್ತೆಯ ತೊಡೆಯ ಮೇಲಿತ್ತು. ಹಿಂಡಿದ ಹಾಲಿನ ಬಟ್ಟಲನ್ನು ಅತ್ತೆ ಚಮಚದಿಂದ ಕದಡುತ್ತಿದ್ದಳು. "ನೋಡಿ ಸ್ವಾಮಿ, ನೀವಾದ್ರೂ ಹೇಳಿ," ಎಂದಳು ಅತ್ತೆ, "ಈ ಕಿವಿ ನೋಡಿ, ನನ್ನ ಮಗನದೇ ಪಡಿಯಚ್ಚು." "ಎಲ್ಲ ಮಕ್ಕಳ ಕಿವೀನೂ ಹಾಗೇ ಇರುತ್ತೆ ಅತ್ತೆ," ಎಂದಳು ಸೊಸೆ, ದನಿ ಏರಿಸದೆ. ಆಮೇಲೆ ಅವನ ಕಡೆ ತಿರುಗಿ, "ಸಹಿಗೆ ಬಂದ್ರಾ?" ಎಂದಳು.

"ಅಮ್ಮಾ, ಅದಲ್ಲ," ಎಂದ. ಅತ್ತೆಯನ್ನು ಹೊರಗೆ ಕಳಿಸಲೆಂದು ಅತ್ತಿತ್ತ ನೋಡಿದ, ಅವಳು ಏಳಲಿಲ್ಲ. "ಆ ಗುರುವಾರ ಎಂಟನೆಯವರ ಮಗೂನ ಬರೆದದ್ದು ನಾನು. ಕನ್ನಡಕದಮ್ಮ ಅಲ್ಲ. ಅವರ ಗುಟ್ಟುಪದ ನಾನು ಬಳಸ್ತಿದ್ದೆ. ನಂಬರಿಗೆ ಕಾಯದೆ ಪಟ್ಟಿ ನೋಡಿ ಹಾಕಿದೆ, ಆ ನಂಬರು ನಿಮ್ಮದಾಗಿತ್ತು. ಸಾವಿರದ ಆರುನೂರ ನಲವತ್ತು ಗ್ರಾಂ, ನನ್ನ ಕೈಯಾರೆ ಹಾಕಿದ್ದು. ಹೋದದ್ದು ಅದೇ. ಇದು ನಿಮ್ಮದು, ಅವರು ಬರೆದದ್ದು, ಅವರು ಯಾವತ್ತೂ ತಪ್ಪು ಬರೆದವರಲ್ಲ." ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮುಗಿಸಿದ ಮೇಲೆ ಹಾಸಿಗೆಯ ಕಬ್ಬಿಣದ ಸರಳು ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಗೊತ್ತಾಗಲಿಲ್ಲ, ಮೂಗಿನ ಪಕ್ಕ ಇಳಿದಾಗ ಗೊತ್ತಾಯಿತು.

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ ಅವನನ್ನು ತುಂಬ ಹೊತ್ತು ನೋಡಿದಳು. ಅಷ್ಟು ಗಮನವಿಟ್ಟು ಅವನನ್ನು ಯಾರೂ ನೋಡಿರಲಿಲ್ಲ. ಆಮೇಲೆ ಅವಳ ಮುಖ ಮೆತ್ತಗಾಯಿತು, ಬಹಳ ದಿನಗಳ ಮೇಲೆ ಇರಬೇಕು, ಯಾಕೆಂದರೆ ಅತ್ತೆ ಚಮಚ ನಿಲ್ಲಿಸಿ ಸೊಸೆಯನ್ನೇ ನೋಡತೊಡಗಿದಳು.

"ಕೂತ್ಕೊಳ್ಳಿ," ಎಂದಳು. "ಇಲ್ಲಿಗೆ ಎಷ್ಟೋ ಜನ ಬಂದ್ರು. ಡಾಕ್ಟರು ಗದರಿದ್ರು. ನಿಮ್ಮ ಸಾಹೇಬ್ರು ಕಾನೂನು ಹೇಳಿದ್ರು. ನನಗೆ ಸಮಾಧಾನ ಆಗ್ಲಿ ಅಂತ ಯಾರೂ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ಳಲಿಲ್ಲ. ನೀವು ಒಳ್ಳೆಯವರು."

"ಇಲ್ಲಮ್ಮ, ಸಮಾಧಾನಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ನಾನೇ..."

"ಕೈಯಲ್ಲಿ ಹಾಳೆ ಇದೆಯಲ್ಲ," ಎಂದಳು. ಅವನು ತನ್ನ ಕೈ ನೋಡಿಕೊಂಡ. ಹಾಳೆ ಬೆವರಿಗೆ ಅಂಟಿಕೊಂಡಿತ್ತು. "ಮೂರು ವಾರ ವಿಚಾರಣೆ ನಡೀತು. ಆಗ ಆ ಕನ್ನಡಕದಮ್ಮನ ಹೆಸರೊಂದೇ ಬಂತು. ಇವತ್ತು ಸಹಿ ಬೇಕು, ಇವತ್ತು ನೀವು ಬಂದಿರಿ. ನಾನು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದೋಳು, ಹದಿನಾಲ್ಕು ವರ್ಷ ಆಯ್ತು. ಪುಟದಲ್ಲಿ ಒಂದು ತಪ್ಪು ಸಿಕ್ರೆ ಇನ್ನೊಂದು ಇದೆ ಅಂತಲೇ ಓದ್ತೀವಿ. ನೀವು ಎಷ್ಟು ಚೆನ್ನಾಗಿ ಹೇಳಿದ್ರೂ ನನ್ನ ಕಣ್ಣು ಹಾಗೇ ಓದುತ್ತೆ, ಅದು ನಿಮ್ಮ ತಪ್ಪಲ್ಲ." ‘ನಿಮ್ಮ ತಪ್ಪಲ್ಲ’ ಎಂಬುದು ಅವನ ಕಿವಿಯೊಳಗೆ ಬಿದ್ದು ಅಲ್ಲೇ ಉಳಿಯಿತು. ಇನ್ನೊಮ್ಮೆ ಬಾಯಿ ತೆರೆದ. ಅವಳ ಕೈ ಹಿಡಿದು ಎಳೆದುಕೊಂಡು ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ಅಲ್ಲಿ ಅವರೆದುರು, ಬೋಳುತಲೆಯವನೆದುರು ಇದನ್ನೇ ಹೇಳಿದರೆ ಅವಳು ನಂಬುತ್ತಾಳೆ. ಹಾಗೆ ಮಾಡಿದರೆ ಮಾತ್ರ ನಂಬುತ್ತಾಳೆ. ಅದು ಅವನಿಗೆ ಗಾಜಿನಷ್ಟು ಸ್ಪಷ್ಟವಾಗಿ ಕಂಡಿತು. ಈಚೆ ಬದಿಯಲ್ಲಿದ್ದ ಇನ್ನೊಂದು ಸ್ಟೂಲಿನ ಮೇಲೆ ಕೂತ.

"ಕೊಡಿ ಇಲ್ಲಿ," ಎಂದು ಅವಳು ಹಾಳೆ ಇಸಿದುಕೊಂಡಳು. "ಆ ಎಂಟನೆಯವರು ಮನೆಗೆ ಹೋಗಿಯಾಯ್ತು, ಇದಕ್ಕೂ ಯಾರಾದ್ರೂ ಬೇಕಲ್ಲ. ಯಾರದಾದ್ರೇನು, ಹಸಿವಂತೂ ಅದರದೇ." ಅವನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು, ಹಾಳೆಯನ್ನು ಮಂಡಿಯ ಮೇಲಿಟ್ಟು, ಸಾಲಿನ ಕೆಳಗೆ ಪೆನ್ನಿನ ತುದಿ ಹಿಡಿದು ಮೊದಲಿನಿಂದ ಓದಿದಳು. ‘ಈ ದಿನ ಆಸ್ಪತ್ರೆಯಿಂದ ನನ್ನ ಮಗುವನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ.’ ಒಂದು ಕಡೆ ಪೆನ್ನು ನಿಂತಿತು. ‘ನನ್ನ’ ಎಂಬುದರ ಮೇಲೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಅದನ್ನು ತೆಗೆದುಹಾಕಬೇಕೆಂಬ ಸಣ್ಣ ಸುರುಳಿಯ ಗುರುತು ಹಾಕಿದಳು. ಅಚ್ಚುಕೂಟದವರು ಹಾಕುವ ಗುರುತು, ಅಂದವಾಗಿ, ಕೈ ನಡುಗದೆ. ಕೆಳಗೆ ಸಹಿ ಮಾಡಿದಳು. ಆಮೇಲೆ ಅತ್ತೆಯ ಕಡೆ ಎರಡೂ ಕೈ ಚಾಚಿ, "ಕೊಡಿ ಅತ್ತೆ," ಎಂದು ಕೂಸನ್ನು ತೆಗೆದುಕೊಂಡು ರವಿಕೆಯ ಹುಕ್ಕು ಬಿಚ್ಚಿದಳು. ಗುಮಾಸ್ತ ಎದ್ದು ಬೇರೆ ಕಡೆ ತಿರುಗಿದ. ಹಿಂದಿನಿಂದ ಅತ್ತೆ ಅಳುವುದು ಕೇಳಿಸಿತು, ಸಂತೋಷಕ್ಕೆ. ಸೊಸೆಯ ದನಿ ಇರಲಿಲ್ಲ. ಕೂಸು ಬಾಯಿ ಹಚ್ಚಿದ ಚಪ್ಪರಿಕೆ ಮಾತ್ರ ಇತ್ತು, ಬಾಗಿಲ ತನಕ.

ಸೂಪರಿಂಟೆಂಡೆಂಟರು ಸಹಿ ಇದೆಯೇ ಎಂದು ಕೆಳಗಷ್ಟೇ ನೋಡಿ ಮೊಹರು ಒತ್ತಿದರು. "ನಾನು ಹೇಳ್ಲಿಲ್ವಾ, ಹಳಬರು ಹಳಬರೇ! ಏನ್ರೀ ಹೇಳಿದ್ರಿ ಆ ಯಮ್ಮನಿಗೆ?"

"ಏನೋ ಹೇಳಿದೆ ಸಾರ್."

"ಆಗ್ಲಿ, ಬದುಕಿಸಿದ್ರಿ. ನಾಳೆಯಿಂದ ಆ ಮೇಜಿಗೆ ಇನ್ನೊಬ್ಬರು ಬರ್ತಾರೆ. ಕೆಲಸ ನೀವೇ ಕಲಿಸ್ಕೊಡಿ, ಇಲ್ಲಿ ನಿಮ್ಮಷ್ಟು ತಿಳಿದವರು ಬೇರೆ ಯಾರಿದ್ದಾರೆ?" ಎನ್ನುತ್ತಾ ಮೇಜು ಬಳಸಿ ಬಂದು ಬೆನ್ನು ತಟ್ಟಿದರು. ಆ ಕೈಯ ಬಿಸಿ ಅಂಗಿಯೊಳಕ್ಕೆ ಇಳಿಯಿತು. ತನಗೆ ಅದು ಹಿತವಾಗುತ್ತಿದೆಯೆಂದು ಗುಮಾಸ್ತನಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಅವರು ಕೈ ತೆಗೆಯುವ ತನಕ ಅವನು ಅಲ್ಲಿಂದ ಅಲುಗಲಿಲ್ಲ.